ಹುಳಿ ಬಿಯರಿನಲ್ಲಿ ಹಣ್ಣು ಎಲ್ಲಿರಬೇಕು?

ಗೆಳೆಯನೊಬ್ಬ ಸಣ್ಣ ಬ್ರೂವರಿಯೊಂದರ ಟೇಸ್ಟಿಂಗ್‌ಗೆ ಎಳೆದುಕೊಂಡು ಹೋಗಿದ್ದ. ಅವತ್ತು ಅಲ್ಲಿದ್ದದ್ದೆಲ್ಲ ಹುಳಿ ಬಿಯರ್. ಬೇಸಿಗೆಯ ಮಧ್ಯಾಹ್ನ, ಎದುರಿಗೆ ಸಾಲಾಗಿ ಪುಟ್ಟ ಗ್ಲಾಸುಗಳು. ಒಂದು ತಿಳಿ ಹಳದಿ, ಒಂದು ಮಬ್ಬು ಬಿಳಿ, ಒಂದು ಗಾಢ ಕೆಂಪು. ಕೊನೆಯ, ನಾಲ್ಕನೆಯದಂತೂ ಗ್ಲಾಸು ವಾಲಿಸಿದರೂ ಹರಿಯದಷ್ಟು ಮಂದ.

ಶುರು ಮಾಡಿದ್ದು ಬರ್ಲಿನರ್ ವೈಸೆಯಿಂದ. ಬರ್ಲಿನ್ನಿನ ಗೋಧಿ ಬಿಯರ್, ಆಲ್ಕೋಹಾಲ್ ಸುಮಾರು 3 ಪರ್ಸೆಂಟ್ ಅಷ್ಟೇ. ಮೊದಲ ಗುಟುಕಿಗೆ ಕಣ್ಣು ಕಿರಿದಾಯಿತು. ಎರಡನೆಯದಕ್ಕೆ ಬಾಯಲ್ಲಿ ನೀರೂರಿತು. ಬರ್ಲಿನ್ನಿನಲ್ಲಿ ಇದಕ್ಕೆ ರಾಸ್ಪ್‌ಬೆರಿಯ ಕೆಂಪು ಸಿರಪ್ಪನ್ನೋ ವುಡ್‌ರಫ್ ಗಿಡದ ಹಸಿರು ಸಿರಪ್ಪನ್ನೋ ಬೆರೆಸಿ ಕೊಡುವ ರೂಢಿ ಇದೆ. ನಾನು ಬೇಡ ಅಂದೆ. ಸೆಕೆಗೆ ಆ ಬರೀ ಹುಳಿಯೇ ಹಿತವಾಗಿತ್ತು.

ಆಮೇಲೆ ಗೋಸೆ. ಜರ್ಮನಿಯ ಗೊಸ್ಲಾರ್‌ನಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ಹೆಸರು ಮಾಡಿದ ಬಿಯರ್. ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರೆ. 1966ರಲ್ಲಿ ಇದನ್ನು ಮಾಡುವವರೇ ಇಲ್ಲದಂತಾಗಿ, 1980ರ ದಶಕದಲ್ಲಿ ಮತ್ತೆ ಜೀವ ಬಂತು. ಇಲ್ಲಿಯದಕ್ಕೆ ಸೌತೆಕಾಯಿಯನ್ನೂ ಹಾಕಿದ್ದರು. ಕೇಳಿದಾಗ ಮುಖ ಸಿಂಡರಿಸಿದ್ದೆ, ಕುಡಿದ ಮೇಲೆ ಇನ್ನಷ್ಟು ಕೇಳಿ ಹಾಕಿಸಿಕೊಂಡೆ. ಉಪ್ಪು ಉಪ್ಪಾಗಿ ಗೊತ್ತಾಗುವುದಿಲ್ಲ, ಹುಳಿಯ ಮೊನೆಯನ್ನು ಸ್ವಲ್ಪ ಮೊಂಡು ಮಾಡುತ್ತದೆ.

ಈ ಹುಳಿ ಬರುವುದು ಎಲ್ಲಿಂದ ಅಂತ ಬ್ರೂವರನ್ನು ಕೇಳಿದೆ. ಹಾಲು ಮೊಸರಾಗುವಾಗ ನಡೆಯುವಂಥದ್ದೇ ಕೆಲಸ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ರಸವನ್ನು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಚ್ಚಗಿಟ್ಟು ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾ ಬಿಡುತ್ತಾರೆ. ಒಂದೆರಡು ದಿನಕ್ಕೆ ಬೇಕಾದಷ್ಟು ಹುಳಿ ಬಂದಿರುತ್ತದೆ. ಆಮೇಲೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಂದು, ಯೀಸ್ಟ್ ಹಾಕುತ್ತಾರೆ.

ಕೆಂಪು ಗ್ಲಾಸಿನದು ಇಷ್ಟು ಬೇಗ ಆಗುವಂಥದ್ದಲ್ಲ. ಅದು ಬೆಲ್ಜಿಯಂನಿಂದ ತರಿಸಿದ ಕ್ರೀಕ್. ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್ ಬಿಯರಿನಲ್ಲಿ ಹುಳಿ ಚೆರಿ ನೆನೆಸಿಟ್ಟದ್ದು. ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು ಆರಿಸುತ್ತಾರೆ. ಗಾಳಿಯಲ್ಲಿ, ಕಟ್ಟಡದಲ್ಲಿ, ಮರದ ಪೀಪಾಯಿಯಲ್ಲಿ ಇರುವ ಯೀಸ್ಟು, ಬ್ಯಾಕ್ಟೀರಿಯಾಗಳೇ ಉಳಿದ ಕೆಲಸ ಮಾಡುತ್ತವೆ. ಹೀಗಾಗಿ ಹಳೆಯ ಪದ್ಧತಿಯವರು ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಒಲೆ ಹಚ್ಚುತ್ತಾರೆ. ಬೇಸಿಗೆ ರಾತ್ರಿಯಲ್ಲಿ ರಸ ಬೇಗ ಆರುವುದಿಲ್ಲ, ಬಿಯರ್ ಕೆಡಿಸುವ ಸೂಕ್ಷ್ಮಜೀವಿಗಳ ಕಾಟವೂ ಜಾಸ್ತಿ. ಬಿಯರ್ ಚಳಿಗಾಲದ್ದು, ಚೆರಿ ಬೇಸಿಗೆಯದು. ಅಂಗಡಿಯವರು ಹಬ್ಬಕ್ಕೊಂದು ಲೇಬಲ್ ಅಂಟಿಸಿ ‘ಸೀಸನಲ್’ ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ ಅಲ್ವಾ?

ಚೆರಿ ತಿಂಗಳುಗಟ್ಟಲೆ ಅದರಲ್ಲೇ ಇರುತ್ತದೆ. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸುತ್ತದೆ. ಮೂಗಿಗೆ ಚೆರಿ ಚೆನ್ನಾಗಿ ಸಿಕ್ಕಿತು, ನಾಲಗೆಗೆ ಸಿಹಿ ಸಿಗಲೇ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಮೂಸಿದರೆ ಬಾದಾಮಿಯ ವಾಸನೆ. ಅದು ಚೆರಿ ಬೀಜದಿಂದ ಬರುವುದು ಅಂತ ಬ್ರೂವರ್ ಹೇಳಿದ. ಸಿಹಿ ಹಾಕಿ ಮಾಡುವ ಕ್ರೀಕ್‌ಗಳೂ ಇವೆ. ನನಗೆ ಅವು ಬೇಡ.

ಕೊನೆಯ ಗ್ಲಾಸಿಗೆ ಬಂದಾಗ ನಮ್ಮಿಬ್ಬರಿಗೆ ಜಗಳ. ಅದು ಸ್ಮೂದಿ ಬಿಯರ್: ಪ್ಯಾಶನ್ ಫ್ರೂಟ್, ವೆನಿಲ್ಲಾ, ಮಾರ್ಷ್‌ಮ್ಯಾಲೋ. ಬಿಯರ್ ತಯಾರಾದ ಮೇಲೆ ಹಣ್ಣಿನ ತಿರುಳನ್ನು ಸುರಿದಿರುತ್ತಾರೆ, ಸಕ್ಕರೆ ಹಾಗೇ ಉಳಿದಿರುತ್ತದೆ. ಕ್ಯಾನನ್ನು ಫ್ರಿಜ್ಜಿನಿಂದ ಆಚೆ ಇಟ್ಟರೆ, ಒಳಗೆ ಉಳಿದ ಯೀಸ್ಟ್ ಆ ಸಕ್ಕರೆಗೆ ಬಾಯಿ ಹಾಕಿ, ಗ್ಯಾಸ್ ತುಂಬಿ ಕ್ಯಾನ್ ಸಿಡಿಯಲೂಬಹುದು. ಬೇಕಾ ಈ ರಗಳೆ?

“ಬಿಯರ್ ಅಂತ ಯಾಕೆ ನೋಡ್ತೀಯಾ, ಸುಮ್ನೆ ಕುಡಿ” ಅಂದ ಗೆಳೆಯ.

“ಇಷ್ಟು ಸಿಹಿ ಬೇಕಿದ್ರೆ ಹಣ್ಣೇ ತಿನ್ನಬಹುದಲ್ಲ” ಅಂದೆ.

ಅವನು ನನ್ನ ಸ್ಮೂದಿಯನ್ನೂ ತನ್ನ ಕಡೆಗೆ ಎಳೆದುಕೊಂಡ. ಅವನು ಅರ್ಧಕ್ಕೇ ಬಿಟ್ಟಿದ್ದ ಕ್ರೀಕ್ ನನ್ನ ಪಾಲಿಗೆ ಬಂತು.