ಗಂಜ್ ದರಪಟ್ಟಿ: ಅಳಿಸಿದ ಬ್ರಾಂಚಿನ ಹಳೆ ಕಮಿಟ್‌ಗಳ ಹುಡುಕಾಟ

ಕಲಬುರಗಿಯ ನೆಹರು ಗಂಜ್‌ನ ತೊಗರಿ ದರ ತೋರಿಸುವ ಪ್ರೋಗ್ರಾಮಿನಲ್ಲಿ ಚೀಲದ ದರವೇ ಕ್ವಿಂಟಲ್ ದರವಾಗಿ ಬೀಳುತ್ತಿದೆ. ಈ ಲೆಕ್ಕ ಬರೆದದ್ದು ಗಿಟ್‌ನ (ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಸಾಧನ) ‘ತೊಗರಿ-ದರ’ ಬ್ರಾಂಚಿನಲ್ಲಿ. ಅದು ಮೇನ್‌ಗೆ, ಅಂದರೆ ಮುಖ್ಯ ಬ್ರಾಂಚಿಗೆ, ಮರ್ಜ್ ಆಗಿದೆ (ಸೇರಿದೆ), ಹೆಸರೂ ಅಳಿಸಿದೆ.

ಗಿಟ್‌ನಲ್ಲಿ ಬ್ರಾಂಚ್ ಎಂದರೆ ಕೊನೆಯ ಕಮಿಟ್ಟಿಗೆ (ಉಳಿಸಿಟ್ಟ ಒಂದು ಬದಲಾವಣೆಗೆ) ಕಟ್ಟಿದ ಚೀಟಿ, ಅಷ್ಟೇ. ಯಾವ ಕಮಿಟ್ ಯಾವ ಬ್ರಾಂಚಿನಲ್ಲಿ ಹುಟ್ಟಿತು ಎಂಬುದು ಕಮಿಟ್ಟಿನೊಳಗೆ ದಾಖಲಾಗುವುದಿಲ್ಲ (ಮರ್ಕ್ಯೂರಿಯಲ್ ಎಂಬ ಇಂಥದ್ದೇ ಇನ್ನೊಂದು ಸಾಧನದಲ್ಲಿ ಆಗುತ್ತದೆ). ಚೀಟಿ ಉಳಿದಿದ್ದರೂ ‘ಗಿಟ್ ಲಾಗ್ ಮೇನ್..ತೊಗರಿ-ದರ’ ಈಗ ಖಾಲಿಯೇ ಬರುತ್ತಿತ್ತು. ಮರ್ಜ್ ಆದಮೇಲೆ ಆ ಕಮಿಟ್‌ಗಳೆಲ್ಲ ಮೇನ್‌ನಿಂದಲೂ ಸಿಗುತ್ತವಲ್ಲ.

ಹಿಡಿಯಬೇಕಾದದ್ದು ಮರ್ಜ್ ಕಮಿಟ್, ಅಂದರೆ ಎರಡು ಬ್ರಾಂಚುಗಳನ್ನು ಸೇರಿಸಿದ ಕಮಿಟ್. ‘ಗಿಟ್ ಲಾಗ್ --ಮರ್ಜಸ್ --ಫಸ್ಟ್-ಪೇರೆಂಟ್ ಮೇನ್’ ಪಟ್ಟಿಯಲ್ಲಿ ಬ್ರಾಂಚಿನ ಹೆಸರು ಸಾಮಾನ್ಯವಾಗಿ ಸಂದೇಶದಲ್ಲೇ ಇರುತ್ತದೆ. ಅದರ ಹ್ಯಾಶ್ (ಕಮಿಟ್ಟಿನ ಗುರುತಿನ ಸಂಖ್ಯೆ) ‘ಎಂ’, ಅದರ ಮೊದಲ ಪೇರೆಂಟ್ (ಮೇನ್ ಕಡೆಯದು) ‘ಎಂ^1’, ಎರಡನೆಯದು (ಬ್ರಾಂಚಿನದು) ‘ಎಂ^2’ ಎಂದುಕೊಂಡರೆ ‘ಗಿಟ್ ಲಾಗ್ --ನೋ-ಮರ್ಜಸ್ ಎಂ^1..ಎಂ^2’ ಕೊಟ್ಟಾಗ ಬ್ರಾಂಚಿನ ಕಮಿಟ್‌ಗಳಷ್ಟೇ ಬರುತ್ತವೆ. ಯಾರಾದರೂ ಮೇನ್‌ನಲ್ಲೇ ಕೆಲಸ ಮಾಡುತ್ತ ಪುಲ್ ಹೊಡೆದು (ಸರ್ವರಿನ ಕೆಲಸ ಎಳೆದುಕೊಂಡು) ಆದ ಮರ್ಜ್ ಇದ್ದರೆ 1 ಮತ್ತು 2 ಅದಲುಬದಲಾಗಿರುತ್ತವೆ: ಒಂದನೆಯದು ಅವರ ಸ್ವಂತ ಕೆಲಸ, ಎರಡನೆಯದು ಸರ್ವರಿನದು. ಮೊದಲು ‘--ಗ್ರಾಫ್’ ಹಾಕಿ ನೋಡುವುದು ಲೇಸು.

ಫಾಸ್ಟ್-ಫಾರ್ವರ್ಡ್ ಆಗಿದ್ದರೆ (ಮೇನ್‌ನ ಚೀಟಿಯನ್ನಷ್ಟೇ ಮುಂದಕ್ಕೆ ಸರಿಸಿದ್ದರೆ) ಮರ್ಜ್ ಕಮಿಟ್ಟೇ ಇರದು. ಆಗ ಕೆಲಸ ಮಾಡಿದವರ ಯಂತ್ರದ ಹೆಡ್ ರಿಫ್ಲಾಗ್ (ಆ ಯಂತ್ರದಲ್ಲಿ ಯಾವಾಗ ಯಾವ ಕಮಿಟ್ಟಿನ ಮೇಲಿದ್ದರು ಎಂಬ ದಾಖಲೆ) ನೋಡಬೇಕು. ಅದರ ಆಯುಸ್ಸು ಮಾಮೂಲಿಯಾಗಿ 90 ದಿನ, ಪುಶ್ ಮಾಡಿದರೆ (ಸರ್ವರಿಗೆ ಕಳಿಸಿದರೆ) ಜೊತೆಗೆ ಹೋಗುವುದಿಲ್ಲ, ಹೊಸ ಕ್ಲೋನ್‌ನಲ್ಲಿ (ಸರ್ವರಿನಿಂದ ಇಳಿಸಿದ ಪ್ರತಿಯಲ್ಲಿ) ಹಳೆಯದೇನೂ ಇರುವುದಿಲ್ಲ.

ಮುಂದಿನ ಹೆಜ್ಜೆ: ‘ಎಂ^1..ಎಂ^2’ ವ್ಯಾಪ್ತಿಯಲ್ಲಿ ‘ತೊಗರಿ’ ಇರುವ ಸಾಲು ಯಾವಾಗ ಬಂತು, ಯಾವಾಗ ಹೋಯಿತು? ದೊಡ್ಡಕ್ಷರದ ‘-ಎಸ್’ ಆಯ್ಕೆ ಇದಕ್ಕೇ ಇರುವುದು. ಆದರೆ ಅದು ಹೋಲಿಸುವುದು ಬೈಟ್‌ಗಳನ್ನು. ಇಲ್ಲಿನ ‘ೊ’ ಯೂನಿಕೋಡ್‌ನಲ್ಲಿ ಎರಡು ರೂಪದಲ್ಲಿ ಬರಬಹುದು: ಒಂದೇ ಸಂಕೇತವಾದರೆ 3 ಬೈಟ್, ‘ೆ’ ಮತ್ತು ‘ೂ’ ಜೋಡಿಸಿದ್ದಾದರೆ 6 ಬೈಟ್. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ನಮ್ಮ ಫೈಲ್‌ಗಳಲ್ಲಿ ಎರಡೂ ಬೆರೆತಿವೆ. ‘ಗರಿ’ ಎಂದಷ್ಟೇ ಹುಡುಕಿದರೆ ಎರಡೂ ಸಿಗುತ್ತವೆ.

ಅಷ್ಟಾದರೂ ತಪ್ಪು ಬ್ರಾಂಚಿನ ಯಾವ ಕಮಿಟ್ಟಿನಲ್ಲೂ ಇಲ್ಲ. ಅದು ಇದ್ದದ್ದು ಎಂ ಒಳಗೇ: ಕಾನ್‌ಫ್ಲಿಕ್ಟ್ (ಎರಡೂ ಕಡೆ ಬದಲಾದ ಸಾಲುಗಳ ಘರ್ಷಣೆ) ಬಿಡಿಸುವಾಗ ಚೀಲದಿಂದ ಕ್ವಿಂಟಲಿಗೆ ಗುಣಿಸುವ ಸಾಲು ಬಿದ್ದುಹೋಗಿದೆ. ಲಾಗ್ ಮಾಮೂಲಿಯಾಗಿ ಮರ್ಜ್ ಕಮಿಟ್‌ಗಳ ವ್ಯತ್ಯಾಸ ನೋಡುವುದೇ ಇಲ್ಲ. ಚಿಕ್ಕಕ್ಷರದ ‘-ಎಂ’ ಸೇರಿಸಿ, ‘--ನೋ-ಮರ್ಜಸ್’ ತೆಗೆದು, ಕೊನೆಗೆ ಬರೀ ಮೇನ್ ಕೊಟ್ಟು ಹುಡುಕಬೇಕು.

ಫೈಲ್ ಹೆಸರು ಕನ್ನಡದಲ್ಲಿದ್ದು ‘\340\262’ ಎಂದು ಕಂಡರೆ ‘ಕೋರ್.ಕೋಟ್‌ಪಾತ್’ ಅನ್ನು ಫಾಲ್ಸ್ ಮಾಡಿ.

ಬಾಕಿ: ಕಮಿಟ್‌ಗೆ ಮುಂಚೆ ‘ೊ’ಗಳನ್ನೆಲ್ಲ ಒಂದೇ ಸಂಕೇತಕ್ಕೆ ತರುವ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್). ಹಳೆ ಫೈಲ್‌ಗಳ ಪರಿವರ್ತನೆ ಪ್ರತ್ಯೇಕ ಕಮಿಟ್ ಆಗಲಿ, ಅದರ ಹ್ಯಾಶ್ ‘ಬ್ಲೇಮ್.ಇಗ್ನೋರ್‌ರೆವ್ಸ್‌ಫೈಲ್’ ತೋರಿಸುವ ಪಟ್ಟಿಗೆ ಸೇರಲಿ. ಇಲ್ಲವಾದರೆ ಬ್ಲೇಮ್‌ನಲ್ಲಿ (ಯಾವ ಸಾಲು ಯಾರು ಬರೆದದ್ದು ಎಂದು ತೋರಿಸುವ ಆಜ್ಞೆ) ಬದಲಾದ ಪ್ರತಿ ಸಾಲೂ ಪರಿವರ್ತಿಸಿದವರ ಹೆಸರಿಗೇ ಬೀಳುತ್ತದೆ.