ಏಳನೇ ಸಾಲಿನ ಥ್ಯಾಂಕ್ಸ್

ಡಿಸೆಂಬರ್ 24, 2024, ಮಂಗಳವಾರ

ಇವತ್ತಿನಿಂದ ರಜೆ. ಅಲಾರಂ ಇಲ್ಲ, ಮೀಟಿಂಗ್ ಇಲ್ಲ. ಆದರೂ ಬೆಳಿಗ್ಗೆಯೇ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಮನೆಯಲ್ಲಿ ಯಾರೂ ಗೊಣಗಲಿಲ್ಲ. ವರ್ಷದ ಕೊನೆಯ ರಜೆಯ ಮೊದಲ ದಿನ ನಾನು ಜೊತೆಯಲ್ಲಿ ಕೆಲಸ ಮಾಡುವವರಿಗೆ ಥ್ಯಾಂಕ್ಸ್ ಬರೆಯುವ ದಿನ ಅಂತ ಅವರಿಗೆ ಗೊತ್ತು. ಒಬ್ಬೊಬ್ಬರಿಗೆ ನಾಲ್ಕೈದು ಸಾಲು, ಅಷ್ಟೇ. ಆರು ವರ್ಷದಿಂದ ನಡೆದುಕೊಂಡು ಬಂದಿದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಸುಮ್ನೆ ಶುರುವಾಗಿದ್ದು.

ಶುರುವಾದ ವರ್ಷ ಮಾತ್ರ ಮಾನ ಹೋಗಿತ್ತು. 'ನಿಮ್ಮಂಥವರು ಜೊತೆಗಿರುವುದು ನನ್ನ ಪುಣ್ಯ' ಅಂತ ಚೆನ್ನಾಗಿ ಒಂದು ಪತ್ರ ಬರೆದು, ಹೆಸರು ಮಾತ್ರ ಬದಲಾಯಿಸಿ ಒಂಬತ್ತು ಜನಕ್ಕೆ ಕಳಿಸಿದ್ದೆ. ರಜೆ ಮುಗಿಸಿ ಹೋದರೆ ಲಿಫ್ಟ್ ಹತ್ತಿರ ಇಬ್ಬರು ಫೋನ್‌ಗಳನ್ನು ಪಕ್ಕಪಕ್ಕ ಹಿಡಿದು ನಗುತ್ತಿದ್ದರು. "ಏನ್ ಸಾರ್, ಬಹಳ ಪುಣ್ಯವಂತರು ನೀವು!" ಅಂದರು. ಮೂರು ಮಹಡಿ ಮೆಟ್ಟಿಲು ಹತ್ತಿಯೇ ಹೋದೆ.

ಅಂದಿನಿಂದ ಒಬ್ಬರಿಗೆ ಒಂದೇ ಸಂಗತಿ. ಯಾವತ್ತು, ಏನು ಮಾಡಿದರು, ಅದರಿಂದ ನನಗೆ ಏನು ಉಳಿಯಿತು. ಪತ್ರದ ಕೊನೆಗೆ 'ಅಂದ ಹಾಗೆ, ಆ ಫೈಲ್ ಕಳಿಸಿಬಿಡಿ' ಅನ್ನುವ ಬಾಲವಂತೂ ಇರಬಾರದು. ಬಾಲ ಇದ್ದರೆ ಥ್ಯಾಂಕ್ಸ್ ಮುಂಗಡ ಕೊಟ್ಟ ಹಾಗಿರುತ್ತದೆ.

ಮ್ಯಾನೇಜರ್‌ಗೆ ಬರೆಯುವಾಗ ಪ್ರತಿ ವರ್ಷ ಕೈ ತಡೆಯುತ್ತದೆ. ಬೆಣ್ಣೆ ಹಚ್ಚುತ್ತಿದ್ದಾನೆ ಅಂದುಕೊಂಡರೆ? ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಜನರಿಂದ ಥ್ಯಾಂಕ್ಸ್ ಪತ್ರ ಬರೆಸಿ, ಓದಿದವರಿಗೆ ಹೇಗನಿಸಬಹುದು ಅಂತ ಮೊದಲೇ ಊಹೆ ಮಾಡಿಸಿದರು. ಆಮೇಲೆ ಪತ್ರ ಸಿಕ್ಕವರನ್ನೇ ಕೇಳಿದರು. ಬರೆದವರು ಮುಜುಗರವನ್ನು ಜಾಸ್ತಿ ಅಂದಾಜು ಮಾಡಿದ್ದರು, ಸಂತೋಷವನ್ನು ಕಡಿಮೆ. ಇದು ಗೊತ್ತಿದ್ದೂ ನನ್ನ ಬೆವರೇನೂ ಕಡಿಮೆಯಾಗಿಲ್ಲ. ಆದರೆ ಕಳಿಸುವ ಬಟನ್ ಒತ್ತಲು ಒಂದು ನೆಪ ಸಿಕ್ಕಿದೆ.

ಇವತ್ತು ಹನ್ನೊಂದು ಪತ್ರ ಬೇಗನೆ ಮುಗಿದವು. ಹನ್ನೆರಡನೆಯದು ಲೆಕ್ಕಪತ್ರ ನೋಡಿಕೊಳ್ಳುವ ಮೇಡಂಗೆ. ಬೇರೆ ಶಾಖೆಯವರು, ಮುಖ ನೋಡಿದ್ದು ಎರಡೇ ಸಲ. ಅರ್ಧ ಗಂಟೆ ಕೂತರೂ ಒಂದು ಸಂಗತಿಯೂ ನೆನಪಾಗಲಿಲ್ಲ. ಬಿಟ್ಟುಬಿಡೋಣ ಅಂದುಕೊಂಡೆ. ಆದರೆ ವರ್ಷಪೂರ್ತಿ ತಿಂಗಳಿಗೊಂದು ಸಲ ನನ್ನ ವರದಿ ಅವರ ಕೈ ದಾಟಿಯೇ ಹೋಗಿದೆ. ಏನೂ ನೆನಪಿಲ್ಲ ಅಂದರೆ ಹೇಗೆ?

ಹಳೆಯ ಮೇಲ್‌ಗಳಲ್ಲಿ ಅವರ ಹೆಸರು ಹಾಕಿ ಹುಡುಕಿದೆ. ಎಲ್ಲವೂ ಒಂದೊಂದು ಸಾಲಿನವು. 'ಸಿಕ್ಕಿತು.' 'ತಾರೀಕು ಬದಲಿಸಿದ್ದೇನೆ.' ಜೂನ್ ತಿಂಗಳದ್ದು: '7ನೇ ಸಾಲಿನ ಮೊತ್ತ ತಪ್ಪಿತ್ತು, ಸರಿಮಾಡಿ ಮುಂದೆ ಕಳಿಸಿದ್ದೇನೆ.' ಅದಕ್ಕೆ ನಾನು ಕಳಿಸಿದ ಉತ್ತರ, 'ಓಕೆ'.

ಆ ವರದಿ ತೆರೆದು ನೋಡಿದೆ. ಏಳನೇ ಸಾಲಿನಲ್ಲಿ ಒಂದು ಸೊನ್ನೆ ಜಾಸ್ತಿ ಹಾಕಿದ್ದೆ. ಮರುದಿನ ಅದೇ ವರದಿ ಇಟ್ಟುಕೊಂಡು ಎಲ್ಲರ ಮುಂದೆ ನಿಂತು ಮಾತಾಡಿದ್ದೂ ನಾನೇ. ಚೆನ್ನಾಗಿತ್ತು ಅಂತ ಬೆನ್ನು ತಟ್ಟಿಸಿಕೊಂಡಿದ್ದೂ ನಾನೇ. ಆ ಸೊನ್ನೆ ಹಾಗೇ ಉಳಿದಿದ್ದರೆ ಅವತ್ತು ಏನಾಗುತ್ತಿತ್ತು ಅಂತ ಈಗ, ಆರು ತಿಂಗಳ ಮೇಲೆ, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಅದನ್ನೇ ಬರೆದೆ. ಸೊನ್ನೆಯ ವಿಷಯ, ಮರುದಿನದ ವಿಷಯ, ನನ್ನ 'ಓಕೆ' ವಿಷಯ. ಎರಡು ಸಲ ಓದಿ ಕಳಿಸಿದೆ.

ರಜೆ ಅಲ್ವಾ, ಉತ್ತರ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಹತ್ತು ನಿಮಿಷಕ್ಕೇ ಬಂತು. ಎಂದಿನಂತೆ ಚಿಕ್ಕದು.

'ಓದಿ ಖುಷಿಯಾಯಿತು ಸಾರ್. 14ನೇ ಸಾಲೂ ತಪ್ಪಿತ್ತು.'