ಕೂಸ್ಟೋ ಮೊಮ್ಮಕ್ಕಳು ಅಜ್ಜನ ಹೆಸರಿನಲ್ಲೇ ಬದುಕುತ್ತಿದ್ದಾರಾ?

ಮುರುಡೇಶ್ವರದಲ್ಲಿ ಸ್ಕೂಬಾ ಕಲಿಸುವವರು ನಾವು. ನೇತ್ರಾಣಿ ದ್ವೀಪಕ್ಕೆ ದೋಣಿ ಹೊರಡುವ ಮೊದಲು ಬಂದವರಿಗೆ ರೆಗ್ಯುಲೇಟರ್, ಅಂದರೆ ನೀರಿನೊಳಗೆ ಉಸಿರಾಡಲು ಗಾಳಿ ಕೊಡುವ ಉಪಕರಣ, ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡುತ್ತೇವೆ. ಆ ಮಾತಿನಲ್ಲಿ ಫ್ರಾನ್ಸಿನ ಸಮುದ್ರ ಅನ್ವೇಷಕ ಜಾಕ್ ಈವ್ ಕೂಸ್ಟೋ ಹೆಸರು ಬಂದೇ ಬರುತ್ತದೆ. ಆಗ ಯಾರಾದರೂ ಕೇಳುತ್ತಾರೆ: "ಅವರ ಮಕ್ಕಳು, ಮೊಮ್ಮಕ್ಕಳೂ ಸಮುದ್ರ ಸಮುದ್ರ ಅಂತ ಓಡಾಡ್ತಾರಲ್ಲ ಸಾರ್, ಅವರದ್ದೇ ಅಂತ ಏನಿದೆ? ಅಜ್ಜನ ಹೆಸರಲ್ಲಿ ಬದುಕ್ತಿದ್ದಾರೆ ಅಷ್ಟೇ, ಅಲ್ವಾ?"

ಅಲ್ಲ ಅನ್ನುವುದೇ ನನ್ನ ಉತ್ತರ. ಆದರೆ ಅದನ್ನು ಹೇಳಬೇಕಾದರೆ ಅಜ್ಜ ಬಿಟ್ಟುಹೋದದ್ದು ಏನು ಅಂತ ಮೊದಲು ನೋಡಬೇಕು.

ಜನರಿಗೆ ನೆನಪಿರುವುದು ಕೂಸ್ಟೋ ಅವರ ಕೆಂಪು ಟೋಪಿ, ಅವರ ಕ್ಯಾಲಿಪ್ಸೋ ಹಡಗು, ಟಿವಿ ಚಿತ್ರಗಳು. ಮತ್ತೆ ಉಸಿರಾಟದ ಈ ಉಪಕರಣ. 1943ರಲ್ಲಿ, ಯುದ್ಧದ ನಡುವೆ, ಪೆಟ್ರೋಲ್ ಸಿಗದೆ ಫ್ರಾನ್ಸಿನಲ್ಲಿ ಕಾರುಗಳನ್ನು ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಅದಕ್ಕೆಂದು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ವಾಲ್ವ್ ಮಾಡಿದ್ದರು. ಅದನ್ನೇ ಕೂಸ್ಟೋ, ಗಾನ್ಯಾನ್ ಇಬ್ಬರೂ ಸೇರಿ ನೀರಿನೊಳಗೆ ಉಸಿರಾಡಲು ಬದಲಾಯಿಸಿದರು. ಉಸಿರೆಳೆದಾಗ ಮಾತ್ರ ಗಾಳಿ ಕೊಡಬೇಕು, ಅದೂ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ. ಇವತ್ತು ನೇತ್ರಾಣಿಯಲ್ಲಿ ಬಾಯಿಗೆ ಕಚ್ಚಿಕೊಳ್ಳುವ ರೆಗ್ಯುಲೇಟರ್ ಕೂಡ ಇದೇ ರೀತಿಯಲ್ಲಿ ಕೆಲಸ ಮಾಡುತ್ತದೆ.

ಇದೆಲ್ಲ ದೊಡ್ಡದೇ. ಆದರೆ ನನ್ನ ಲೆಕ್ಕದಲ್ಲಿ ಅವರ ನಿಜವಾದ ಆಸ್ತಿ ಇದಲ್ಲ. ಆ ಮನುಷ್ಯ ತನ್ನ ದಾರಿಯನ್ನೇ ಬದಲಿಸಿಕೊಂಡದ್ದು ಇದಕ್ಕಿಂತ ದೊಡ್ಡದು.

1956ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅವರ ಚಿತ್ರಕ್ಕೆ ಅತಿ ದೊಡ್ಡ ಪ್ರಶಸ್ತಿ ಸಿಕ್ಕಿತು. ಅದನ್ನು ಈಗ ನೋಡಿದರೆ ಹೊಟ್ಟೆ ಕಿವುಚುತ್ತದೆ. ಮೀನುಗಳನ್ನು ಎಣಿಸಲು ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ಸತ್ತ ತಿಮಿಂಗಿಲ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ಸಿಬ್ಬಂದಿ ಹಡಗಿನ ಮೇಲೆಳೆದು ಹೊಡೆದು ಕೊಲ್ಲುತ್ತಾರೆ. ಅದಕ್ಕೂ ಎರಡು ವರ್ಷ ಮೊದಲು, 1954ರಲ್ಲಿ, ಇದೇ ಕ್ಯಾಲಿಪ್ಸೋ ಪರ್ಷಿಯನ್ ಕೊಲ್ಲಿಯಲ್ಲಿ ಅಬುಧಾಬಿ ಹತ್ತಿರ ತೈಲ ಹುಡುಕುವವರಿಗಾಗಿ ಸಮುದ್ರದ ತಳ ಸರ್ವೆ ಮಾಡಿತ್ತು. ಹಡಗು ನಡೆಸಲು ದುಡ್ಡು ಬೇಕಿತ್ತು. 1960ರ ದಶಕದಲ್ಲಿ ಸಮುದ್ರದ ತಳದಲ್ಲಿ ಮನೆ ಕಟ್ಟಿ ಮನುಷ್ಯರನ್ನು ಇರಿಸಿದ ಕಾನ್‌ಶೆಲ್ಫ್ ಪ್ರಯೋಗಗಳಿಗೂ ತೈಲ ಉದ್ಯಮದ ಹಣ ಬಂದಿತ್ತು. 1963ರಲ್ಲಿ ಸುಡಾನ್ ಬಳಿಯ ಕೆಂಪು ಸಮುದ್ರದಲ್ಲಿ, ಸುಮಾರು 10 ಮೀಟರ್ ಆಳದಲ್ಲಿ, ಅವರ ಜನ ಒಂದು ತಿಂಗಳು ಬದುಕಿದರು. ಸಮುದ್ರವೂ ಮುಂದೆ ಮನುಷ್ಯನ ಊರಾಗುತ್ತದೆ ಅನ್ನುವ ಕನಸು ಅದು.

ಆ ಕನಸನ್ನು ಅವರೇ ಕೈಬಿಟ್ಟರು. ಮೆಡಿಟರೇನಿಯನ್‌ಗೆ ಅಣು ತ್ಯಾಜ್ಯ ಸುರಿಯುವ ಯೋಜನೆಯನ್ನು 1960ರಲ್ಲೇ ಬಹಿರಂಗವಾಗಿ ವಿರೋಧಿಸಿದ್ದರು. 1973ರಲ್ಲಿ ಸಮುದ್ರ ಕಾಪಾಡಲೆಂದು ಅವರ ಕೂಸ್ಟೋ ಸೊಸೈಟಿ ಶುರುವಾಯಿತು. 1990ರ ಹೊತ್ತಿಗೆ ಎಂಬತ್ತು ವಯಸ್ಸಿನ ಈ ಮುದುಕ ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡ ಅಂತ ಸಹಿ ಸಂಗ್ರಹಿಸುತ್ತಿದ್ದರು. ಮರುವರ್ಷ ಮ್ಯಾಡ್ರಿಡ್ ಒಪ್ಪಂದದಲ್ಲಿ ಅಲ್ಲಿ ಗಣಿಗಾರಿಕೆಗೆ ನಿಷೇಧ ಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಅವರ ದನಿಯೂ ಅದರಲ್ಲಿತ್ತು. ಒಂದೇ ಸಮುದ್ರಕ್ಕೆ ಮತ್ತೆ ಮತ್ತೆ ಹೋಗಿ ನೋಡಿದವರಿಗೆ ಮಾತ್ರ ಇಂಥ ಬದಲಾವಣೆ ಬರುತ್ತದೆ. ಮೊದಲ ಸಲ ನೋಡಿದಾಗ ಇದ್ದದ್ದು ಎರಡನೇ ಸಲ ಇರುವುದಿಲ್ಲ.

ಮನೆಯೊಳಗಿನ ಕತೆ ಸುಲಭದ್ದಲ್ಲ. ಹೆಂಡತಿ ಸಿಮೋನ್ ಹಡಗಿಗಾಗಿ ಒಡವೆ ಮಾರಿದರು. ಗಂಡನಿಗಿಂತ ಹೆಚ್ಚು ಕಾಲ ಹಡಗಿನಲ್ಲಿ ಇದ್ದವರು ಅವರೇ. ಕ್ಯಾಮೆರಾ ಮುಂದೆ ಮಾತ್ರ ಬರಲು ಒಪ್ಪುತ್ತಿರಲಿಲ್ಲ. ಚಿಕ್ಕ ಮಗ ಫಿಲಿಪ್ ಅಪ್ಪನ ಜೊತೆ ಧುಮುಕಿ ಬೆಳೆದವರು. 1979ರ ಜೂನ್‌ನಲ್ಲಿ ಲಿಸ್ಬನ್ ಹತ್ತಿರ ಟಾಗಸ್ ನದಿಯಲ್ಲಿ ಅವರ ಸೀಪ್ಲೇನ್ ಅಪಘಾತವಾಯಿತು, ಅಲ್ಲೇ ತೀರಿಹೋದರು. ಆಗ ದೊಡ್ಡ ಮಗ ಝಾನ್ ಮಿಷೆಲ್ ಅಪ್ಪನ ಕೆಲಸಕ್ಕೆ ಬಂದು ಜೊತೆಯಾದರು. ಅವರು ಓದಿದ್ದು ಆರ್ಕಿಟೆಕ್ಚರ್. ಹದಿನಾಲ್ಕು ವರ್ಷ ಜೊತೆಗೆ ದುಡಿದ ಮೇಲೆ ಇಬ್ಬರೂ ಬೇರೆಯಾದರು. ಫಿಜಿಯಲ್ಲಿ ಮಗ ನಡೆಸುತ್ತಿದ್ದ ರೆಸಾರ್ಟ್‌ಗೆ ಬರೀ ಕೂಸ್ಟೋ ಅಂತ ಹೆಸರಿಡಬಾರದು ಎಂದು ಅಪ್ಪನೇ ಕೋರ್ಟಿಗೆ ಹೋದರು. ಕೊನೆಗೆ ಪೂರ್ತಿ ಹೆಸರು ಬಳಸಬೇಕು ಅಂತ ತೀರ್ಮಾನವಾಯಿತು.

"ಹೆಸರಲ್ಲಿ ಬದುಕ್ತಿದ್ದಾರೆ" ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. ಆ ಮನೆಯಲ್ಲಿ ಹೆಸರು ಯಾರಿಗೂ ಪುಕ್ಕಟೆಯಾಗಿ ಬರಲಿಲ್ಲ. ಹೆಸರಿನಿಂದ ಬಾಗಿಲು ತೆರೆಯುತ್ತದೆ, ನಿಜ. ಒಳಗೆ ಹೋಗಿ ಏನು ಮಾಡಿದರು ಅನ್ನುವುದನ್ನು ನೋಡಬೇಕು.

ಝಾನ್ ಮಿಷೆಲ್ ಒಳಗೆ ಹೋಗಿ ಮಾಡಿದ್ದು ಇದು. ಹವಾಯಿಯ ವಾಯವ್ಯಕ್ಕೆ ಸಾಲಾಗಿ ಹೋಗುವ ನಿರ್ಜನ ದ್ವೀಪಗಳಿವೆ. ಕುರೆ ಎಂಬ ದ್ವೀಪ ಆ ಸಾಲಿನ ತುದಿಯಲ್ಲಿದೆ. ಜನರೇ ಇಲ್ಲದ ಆ ಜಾಗದಲ್ಲಿ ಬಲೆ, ಲೈಟರ್, ಬಾಟಲಿ ಮುಚ್ಚಳ ತುಂಬಿಕೊಂಡಿವೆ. ತಾಯಿ ಆಲ್ಬಟ್ರಾಸ್ ಹಕ್ಕಿ ಪ್ಲಾಸ್ಟಿಕ್ ಚೂರನ್ನೇ ಆಹಾರ ಅಂದುಕೊಂಡು ಮರಿಗೆ ತಿನ್ನಿಸುತ್ತದೆ. ಇದನ್ನೆಲ್ಲ ಅವರು ಚಿತ್ರ ಮಾಡಿದರು. 2006ರ ಏಪ್ರಿಲ್‌ನಲ್ಲಿ ಆ ಚಿತ್ರವನ್ನು ವೈಟ್ ಹೌಸ್‌ನಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ. ಬುಷ್ ನೋಡಿದರು. ಜೂನ್‌ನಲ್ಲಿ ಆ ಸಮುದ್ರವನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಿದರು. ಸುಮಾರು 3.6 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಹತ್ತಿರ ಹತ್ತಿರ ಎರಡು ಪಟ್ಟು. 2016ರಲ್ಲಿ ಒಬಾಮಾ ಅದನ್ನು 15 ಲಕ್ಷಕ್ಕೆ ಏರಿಸಿದರು. ಹವಾಯಿಯ ಮೂಲ ಜನ, ಮೀನುಗಾರರು, ವಿಜ್ಞಾನಿಗಳು ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದರು, ಅದು ಒಬ್ಬರ ಗೆಲುವಲ್ಲ. ಆದರೆ ಅಧ್ಯಕ್ಷರನ್ನು ಒಂದು ಸಂಜೆ ಕೂರಿಸಿ ಚಿತ್ರ ತೋರಿಸಲು ಆ ಹೆಸರು ಬೇಕಾಗಿತ್ತು. ಹೆಸರಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ನನಗಂತೂ ಗೊತ್ತಿಲ್ಲ.

ಮೊಮ್ಮಕ್ಕಳು ಒಬ್ಬೊಬ್ಬರು ಒಂದೊಂದು ಕಡೆ ಹೋಗಿದ್ದಾರೆ. ತೀರಿಹೋದ ಫಿಲಿಪ್ ಅವರ ಮಗಳು ಅಲೆಕ್ಸಾಂಡ್ರಾ. ಇರುವುದನ್ನು ಕಾಪಾಡಿದರೆ ಸಾಲದು, ಕಳೆದುಕೊಂಡದ್ದನ್ನು ಸಮುದ್ರಕ್ಕೆ ವಾಪಸ್ ತುಂಬಬೇಕು ಅನ್ನುವುದು ಅವರ ವಾದ. ಅವರ ತಮ್ಮ ಫಿಲಿಪ್ ಹುಟ್ಟಿದ್ದೇ ಅಪ್ಪ ತೀರಿಹೋದ ಮೇಲೆ, ಅಪ್ಪನ ಹೆಸರನ್ನೇ ಇಟ್ಟರು. ಅಪ್ಪನನ್ನು ಚಿತ್ರಗಳಲ್ಲಷ್ಟೇ ನೋಡಿದ ಆ ಮಗ ಈಗ ಶಾಲೆ ಕಾಲೇಜಿನ ಮಕ್ಕಳನ್ನು ಕಟ್ಟಿಕೊಂಡು ನೀರಿನ ಕೆಲಸ ಮಾಡುತ್ತಾರೆ. ಝಾನ್ ಮಿಷೆಲ್ ಅವರ ಮಗಳು ಸೆಲಿನ್ ಅಮೆಜಾನಿನ ಜವಾರಿ ಕಣಿವೆಯ ಮೂಲನಿವಾಸಿಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದಾರೆ. ಅವರ ಅಣ್ಣ ಫಾಬಿಯನ್ ಮಾತ್ರ ಅಜ್ಜನ ಹಳೆಯ ಕೆಲಸಕ್ಕೇ ನೇರವಾಗಿ ಕೈಹಾಕಿದರು.

2014ರ ಜೂನ್‌ನಲ್ಲಿ ಫಾಬಿಯನ್ ಫ್ಲೋರಿಡಾದ ಕೀ ಲಾರ್ಗೋ ಬಳಿ, ಸುಮಾರು 19 ಮೀಟರ್ ಆಳದಲ್ಲಿರುವ ಅಕ್ವೇರಿಯಸ್ ಎಂಬ ನೀರೊಳಗಿನ ಪ್ರಯೋಗಾಲಯದಲ್ಲಿ 31 ದಿನ ಇದ್ದರು. ಅಜ್ಜನ ತಿಂಗಳಿಗಿಂತ ಒಂದು ದಿನ ಜಾಸ್ತಿ. ದಾಖಲೆಗಾಗಿ ಮಾಡಿದ್ದು ಅಂತ ಕೆಲವರು ತಳ್ಳಿಹಾಕುತ್ತಾರೆ. ಡೈವಿಂಗ್ ಗೊತ್ತಿರುವವರು ಹಾಗೆ ಹೇಳಲಾರರು. ಮೇಲಿನಿಂದ ಅಷ್ಟು ಆಳಕ್ಕೆ ಇಳಿದವರು ಹೆಚ್ಚು ಹೊತ್ತು ಇರುವಂತಿಲ್ಲ. ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗುತ್ತಾ ಹೋಗುತ್ತದೆ. ಗಬಕ್ಕನೆ ಮೇಲೆ ಬಂದರೆ ಅದು ಗುಳ್ಳೆಯಾಗುತ್ತದೆ, ಜೀವಕ್ಕೇ ಅಪಾಯ. ಕೆಳಗೇ ವಾಸವಿದ್ದರೆ ಒಂದು ಹಂತದ ನಂತರ ಮೈ ಇನ್ನಷ್ಟು ನೈಟ್ರೋಜನ್ ಹೀರುವುದಿಲ್ಲ. ಆಮೇಲೆ ದಿನಕ್ಕೆ ಹಲವು ಗಂಟೆ ಹವಳದ ಪಕ್ಕ ಕೆಲಸ ಮಾಡಬಹುದು. ಕೊನೆಯಲ್ಲಿ ಒಂದೇ ಸಲ, ನಿಧಾನವಾಗಿ ಒತ್ತಡ ಇಳಿಸಿಕೊಂಡು ಮೇಲೆ ಬಂದರಾಯಿತು. ರಾತ್ರಿ ಹವಳ ಏನು ಮಾಡುತ್ತದೆ, ಬೆಳಿಗ್ಗೆ ಯಾವ ಮೀನು ಮೊದಲು ಬರುತ್ತದೆ ಅನ್ನುವುದು ಹೀಗೆ ಇದ್ದವರಿಗೇ ತಿಳಿಯುತ್ತದೆ. ಅಜ್ಜ ತಳದಲ್ಲಿ ಊರು ಕಟ್ಟಲು ಹೋಗಿದ್ದರು. ಮೊಮ್ಮಗ ಅಲ್ಲಿಗೆ ವಿಜ್ಞಾನಿಗಳನ್ನು ಕರೆದುಕೊಂಡು ಹೋದರು.

ಈಗ ಫಾಬಿಯನ್ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ ಹತ್ತಿರ ಪ್ರೋಟಿಯಸ್ ಎಂಬ, ಅಕ್ವೇರಿಯಸ್‌ಗಿಂತ ಎಷ್ಟೋ ದೊಡ್ಡ ಕೇಂದ್ರ ಕಟ್ಟಬೇಕು ಅಂತಿದ್ದಾರೆ. 2020ರಲ್ಲಿ ಘೋಷಿಸಿದರು. ಅದಕ್ಕೆ ಬಹಳ ಹಣ ಬೇಕು. ಕಾನ್‌ಶೆಲ್ಫ್‌ಗೂ ಹೀಗೇ ಬಹಳ ಹಣ ಬೇಕಿತ್ತು, ಕೊಟ್ಟವರಿಗೆ ಬೇಕಾಗಿದ್ದದ್ದು ತೈಲ. ಹಾಗಾಗಿ ಹೆಸರಿನ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಇಷ್ಟು: ಅದರ ಬದಲು ಈ ಸಲ ದುಡ್ಡು ಯಾರು ಹಾಕುತ್ತಿದ್ದಾರೆ, ಅಲ್ಲಿ ಸಿಕ್ಕಿದ ಮಾಹಿತಿ ಯಾರ ಕೈ ಸೇರುತ್ತದೆ ಅಂತ ಫಾಬಿಯನ್ ಅವರನ್ನು ಕೇಳಿ.